ಹುಳುಗಳಿಗೆ ಬರುವ ರೋಗ: ನಮ್ಮ ತೋಟಕ್ಕೆ ಅದರಿಂದ ಎಷ್ಟು ಉಪಯೋಗ?

ಕಳೆದ ಮೂರು ತಿಂಗಳಿನಿಂದ ಸಂಘದ ಮಾರಾಟ ಮಳಿಗೆಗೆ ಬರುವ ಸದಸ್ಯರು ಒಂದೇ ಪ್ರಶ್ನೆ ಕೇಳುತ್ತಿದ್ದಾರೆ: "ಕಾಯಿಕೊರಕಕ್ಕೆ ವೈರಸ್ ಔಷಧಿ ಬಂದಿದೆಯಂತಲ್ಲ, ನೀವು ಏಕೆ ತರಿಸಿಲ್ಲ?" ವಿಚಾರಿಸಿ ನೋಡಿದಾಗ ತಿಳಿದುಬಂದ ಸಂಗತಿ ಇಷ್ಟು. ಬಯಲುಸೀಮೆಯ ಕಡೆಯಿಂದ ಬಂದ ಮಾರಾಟಗಾರರೊಬ್ಬರು ನಮ್ಮ ಹೋಬಳಿಯ ಕೆಲವು ಕಾಫಿ ಬೆಳೆಗಾರರಿಗೆ ಎನ್.ಪಿ.ವಿ. ಎಂಬ ದ್ರಾವಣದ ಬಾಟಲಿಗಳನ್ನು ಕೊಟ್ಟು ಹಣ ಪಡೆದು ಹೋಗಿದ್ದಾರೆ. ಬಾಟಲಿಯ ಮೇಲೆ 'ಕಾಯಿಕೊರಕ ಹುಳುವಿನ ಹತೋಟಿಗೆ' ಎಂದು ಅಚ್ಚಾಗಿದೆ. ಅದು ಸುಳ್ಳಲ್ಲ. ಆದರೆ ಆ ಕಾಯಿಕೊರಕ ತೊಗರಿಯದು, ಕಡಲೆಯದು; ನಮ್ಮ ಕಾಫಿಯದಲ್ಲ. ಹೆಸರು ಒಂದೇ, ಜೀವಿ ಬೇರೆ. ತೊಗರಿಯ ಕಾಯಿ ಕೊರೆಯುವುದು ಪತಂಗದ ಮರಿಹುಳು. ಕಾಫಿ ಹಣ್ಣಿನ ತೊಟ್ಟಿನ ಎದುರು ತುದಿಯಲ್ಲಿ ತೂತು ಕೊರೆಯುವುದು ಎಳ್ಳಿನ ಕಾಳಿಗಿಂತಲೂ ಚಿಕ್ಕದಾದ ಕಪ್ಪು ದುಂಬಿ. ಒಂದಕ್ಕೆ ತಗಲುವ ರೋಗ ಇನ್ನೊಂದಕ್ಕೆ ತಗಲುವುದಿಲ್ಲ. ಆ ಬಾಟಲಿಯನ್ನು ಕಾಫಿ ಗಿಡಕ್ಕೆ ಹೊಡೆದವರಿಗೆ ಗಿಡವೂ ಹಾಳಾಗಲಿಲ್ಲ, ದುಂಬಿಯೂ ಸಾಯಲಿಲ್ಲ. ಹಣ ಮತ್ತು ಎರಡು ದಿನದ ಆಳುಕೂಲಿ ಹೋಯಿತು. ಅದಕ್ಕಿಂತ ಹೆಚ್ಚಿನ ನಷ್ಟವೆಂದರೆ, ಔಷಧಿ ಹೊಡೆದಿದ್ದೇವಲ್ಲ ಎಂಬ ನೆಮ್ಮದಿಯಲ್ಲಿ ಉದುರಿದ ಹಣ್ಣನ್ನು ಆರಿಸುವ ಕೆಲಸವನ್ನು ಕೈಬಿಟ್ಟದ್ದು.

ಇದನ್ನು ನೋಡಿ 'ವೈರಸ್ ಎಂಬುದೆಲ್ಲ ಮೋಸ' ಎಂದು ತೀರ್ಮಾನಿಸಿದವರೂ ಇದ್ದಾರೆ. ಅದೂ ಸರಿಯಲ್ಲ. ಹುಳುಗಳಿಗೆ ರೋಗ ಹಚ್ಚಿ ಬೆಳೆ ಉಳಿಸುವ ವಿದ್ಯೆ ಗಟ್ಟಿಯಾದದ್ದು, ಹಲವು ದೇಶಗಳಲ್ಲಿ ಪರೀಕ್ಷೆಗೆ ನಿಂತದ್ದು. ಅದು ಹೇಗೆ ಕೆಲಸ ಮಾಡುತ್ತದೆ, ಎಲ್ಲಿ ಮಾಡುತ್ತದೆ, ಎಲ್ಲಿ ಮಾಡುವುದಿಲ್ಲ ಎಂಬುದನ್ನು ತಿಳಿದುಕೊಂಡರೆ ಬಾಟಲಿಯ ಮೇಲಿನ ಅಕ್ಷರಗಳನ್ನು ನಾವೇ ಅಳೆದು ನೋಡಬಹುದು.

ಹಾಲುತೊಂಡೆಯ ಪರಿಚಯ

ರೇಷ್ಮೆ ಸಾಕುವ ನೆಂಟರಿರುವ ಸದಸ್ಯರಿಗೆ ಈ ರೋಗ ಹೊಸದಲ್ಲ. ನಾಲ್ಕನೆಯ ಅಥವಾ ಐದನೆಯ ಜ್ವರದ ಹುಳುಗಳು ಚೆನ್ನಾಗಿ ಸೊಪ್ಪು ತಿನ್ನುತ್ತಿದ್ದಂತೆಯೇ ಕೆಲವು ತಟ್ಟೆಯ ಅಂಚಿಗೆ ಬಂದು ಅಲೆದಾಡತೊಡಗುತ್ತವೆ. ಮೈಯ ಗೆಣ್ಣುಗಳ ನಡುವೆ ಬಾವು ಕಾಣಿಸುತ್ತದೆ, ಚರ್ಮ ಹೊಳೆಯುತ್ತದೆ, ಮುಟ್ಟಿದರೆ ಹರಿದು ಹಾಲಿನಂಥ ಬಿಳಿಯ ರಸ ಸೋರುತ್ತದೆ. ರೇಷ್ಮೆಯವರು ಇದನ್ನು ಹಾಲುತೊಂಡೆ ಎನ್ನುತ್ತಾರೆ. ಒಂದು ತಟ್ಟೆಯಲ್ಲಿ ಕಂಡರೆ ಮನೆಯವರ ಮುಖ ಬಾಡುತ್ತದೆ, ಏಕೆಂದರೆ ಆ ರಸದ ಒಂದು ಹನಿ ಸೊಪ್ಪಿಗೆ ತಗಲಿದರೆ ಇಡೀ ಚಾಕಿ ಹೋಗಬಹುದು.

ಆ ಬಿಳಿಯ ರಸವನ್ನು ಸೂಕ್ಷ್ಮದರ್ಶಕದಲ್ಲಿಟ್ಟು ನೋಡಿದರೆ ಹಲವು ಮುಖಗಳುಳ್ಳ ಸಣ್ಣ ಸಣ್ಣ ಹರಳುಗಳು ಕಾಣುತ್ತವೆ. ಇಟಲಿಯ ಮಾಯೆಸ್ತ್ರಿ ಮತ್ತು ಕೊರ್ನಾಲಿಯಾ ಎಂಬುವರು 1856ರಲ್ಲಿಯೇ ಅವನ್ನು ಗುರುತಿಸಿದ್ದರು. ಹರಳು ರೋಗದ ಪರಿಣಾಮವೋ ಕಾರಣವೋ ಎಂಬ ವಾದ ಬಹಳ ಕಾಲ ನಡೆಯಿತು. 1947ರಲ್ಲಿ ಜರ್ಮನಿಯ ಬೆರ್ಗೋಲ್ಡ್ ಎಂಬ ವಿಜ್ಞಾನಿ ಹರಳಿನೊಳಗೆ ಕಡ್ಡಿಯಾಕಾರದ ವೈರಸ್ ಕಣಗಳು ಹುದುಗಿರುವುದನ್ನು ತೋರಿಸಿಕೊಟ್ಟರು. ಹರಳು ಎಂಬುದು ಒಂದು ಬಗೆಯ ಸಸಾರಜನಕದ ಪೆಟ್ಟಿಗೆ. ಅದರೊಳಗೆ ಬೀಜದಂತೆ ವೈರಸ್. ಭತ್ತದ ಹೊಟ್ಟು ಅಕ್ಕಿಯನ್ನು ಕಾಪಾಡಿದಂತೆ ಈ ಪೆಟ್ಟಿಗೆ ವೈರಸ್ಸನ್ನು ಒಣಗುವಿಕೆಯಿಂದ, ಕೊಳೆಯುವಿಕೆಯಿಂದ ಕಾಪಾಡುತ್ತದೆ. ಮಣ್ಣಿನಲ್ಲಿ ಬಿದ್ದ ಹರಳುಗಳು ವರ್ಷಗಟ್ಟಲೆ ಕೆಡದೆ ಉಳಿಯಬಲ್ಲವು.

ಈ ಜಾತಿಯ ರೋಗಾಣುವಿಗೆ ನ್ಯೂಕ್ಲಿಯರ್ ಪಾಲಿಹೆಡ್ರೋಸಿಸ್ ವೈರಸ್ ಎಂದು ಹೆಸರು, ಚಿಕ್ಕದಾಗಿ ಎನ್.ಪಿ.ವಿ. ಪತಂಗ ಮತ್ತು ಚಿಟ್ಟೆಗಳ ಮರಿಹುಳುಗಳಲ್ಲಿ ನೂರಾರು ಜಾತಿಗಳಿಗೆ ತಮ್ಮ ತಮ್ಮದೇ ಎನ್.ಪಿ.ವಿ. ಇದೆ. ರೇಷ್ಮೆಹುಳುವಿಗೆ ಬಂದಾಗ ಅದು ಶತ್ರು. ತೊಗರಿಯ ಹುಳುವಿಗೆ ಬಂದಾಗ ಅದು ನಮ್ಮ ಪರವಾದ ಆಳು.

ಹುಳುವಿನ ಹೊಟ್ಟೆಯಲ್ಲಿ ನಡೆಯುವುದೇನು?

ಇದನ್ನು ಸ್ವಲ್ಪ ನಿಧಾನವಾಗಿ ಓದಬೇಕೆಂದು ಕೋರುತ್ತೇವೆ. ಬಳಸುವ ಕ್ರಮವೆಲ್ಲ ಇದರಿಂದಲೇ ಹುಟ್ಟುತ್ತದೆ.

ಸಾಮಾನ್ಯ ಕೀಟನಾಶಕ ಮೈಗೆ ತಗಲಿದರೂ ಕೊಲ್ಲುತ್ತದೆ. ವೈರಸ್ ಹಾಗಲ್ಲ. ಹುಳು ಅದನ್ನು ತಿನ್ನಲೇಬೇಕು. ಎಲೆಯ ಮೇಲೆ ಬಿದ್ದ ಹರಳು ಎಲೆಯೊಂದಿಗೆ ಹೊಟ್ಟೆಗೆ ಹೋಗಬೇಕು. ನಮ್ಮ ಜಠರದಲ್ಲಿ ಹುಳಿಯಿದೆ. ಮರಿಹುಳುವಿನ ಹೊಟ್ಟೆಯ ನಡುಭಾಗದಲ್ಲಿ ಇರುವುದು ಸುಣ್ಣದ ತಿಳಿನೀರಿನಂಥ ಪ್ರಬಲ ಕ್ಷಾರ. ಆ ಕ್ಷಾರದಲ್ಲಿ ಹರಳು ಕೆಲವೇ ನಿಮಿಷಗಳಲ್ಲಿ ಕರಗಿ ಒಳಗಿನ ಕಡ್ಡಿಗಳು ಹೊರಬೀಳುತ್ತವೆ, ಹೊಟ್ಟೆಯ ಗೋಡೆಯ ಜೀವಕೋಶಗಳನ್ನು ಹೊಕ್ಕು ಕೋಶದ ಕೇಂದ್ರದಲ್ಲಿ ನೆಲೆಸಿ ತಮ್ಮಂಥವನ್ನೇ ಹುಟ್ಟಿಸತೊಡಗುತ್ತವೆ. ಅಲ್ಲಿಂದ ರಕ್ತಕ್ಕೆ, ಕೊಬ್ಬಿಗೆ, ಚರ್ಮಕ್ಕೆ. ಮೂರನೆಯ ದಿನದ ಹೊತ್ತಿಗೆ ಹುಳುವಿನ ಹಸಿವು ಕಡಿಮೆಯಾಗುತ್ತದೆ. ನಾಲ್ಕರಿಂದ ಏಳು ದಿನಗಳೊಳಗೆ ಅದು ಸಾಯುತ್ತದೆ.

ಸಾಯುವ ಮುನ್ನ ಅದು ಗಿಡದ ತುದಿಗೆ ಹತ್ತಿ ಹಿಂಗಾಲುಗಳಿಂದ ಕಚ್ಚಿಕೊಂಡು ತಲೆಕೆಳಗಾಗಿ ಜೋತುಬೀಳುತ್ತದೆ. ಚರ್ಮ ಒಡೆದು ರಸ ಕೆಳಗಿನ ಎಲೆಗಳ ಮೇಲೆ ಸುರಿಯುತ್ತದೆ. ಬಲಿತ ಒಂದು ಹುಳುವಿನಲ್ಲಿ ಸುಮಾರು 600 ಕೋಟಿ ಹರಳುಗಳು ಇರುತ್ತವೆಂದು ಲೆಕ್ಕ. ಕೆಳಗಿನ ಎಲೆ ತಿಂದ ಹುಳುವಿಗೆಲ್ಲ ರೋಗ. ಎತ್ತರಕ್ಕೆ ಹತ್ತುವ ಈ ನಡತೆ ಹುಳುವಿನದಲ್ಲ, ವೈರಸ್ಸಿನದೇ ಎಂಬುದು ವಿಚಿತ್ರ ಸಂಗತಿ. ಅಮೆರಿಕದ ಜಿಪ್ಸಿ ಪತಂಗದ ಹುಳುವಿನ ಮೇಲೆ ನಡೆದ ಪ್ರಯೋಗದಲ್ಲಿ, ವೈರಸ್ಸಿನ ಒಂದೇ ಒಂದು ವಂಶವಾಹಿಯನ್ನು ತೆಗೆದುಹಾಕಿದರೆ ಹುಳು ಮರ ಹತ್ತುವುದಿಲ್ಲವೆಂದು 2011ರಲ್ಲಿ ಪ್ರಕಟವಾಯಿತು. ತನ್ನ ಬೀಜ ಮೇಲಿನಿಂದ ಬೀಳಲಿ ಎಂದು ರೋಗವೇ ರೋಗಿಯನ್ನು ಮರ ಹತ್ತಿಸುತ್ತದೆ!

ಇಲ್ಲಿಂದ ಮೂರು ಮಾತು ತಾವಾಗಿಯೇ ಹೊರಡುತ್ತವೆ. ಕಾಂಡದೊಳಗೆ, ಕಾಯಿಯೊಳಗೆ, ಮುಚ್ಚಿದ ಹೊಂಬಾಳೆಯೊಳಗೆ ಕುಳಿತು ತಿನ್ನುವ ಹುಳುವಿಗೆ ಹೊರಗೆ ಸಿಂಪಡಿಸಿದ ವೈರಸ್ ಮುಟ್ಟುವುದಿಲ್ಲ. ಹುಳು ಬಲಿತಷ್ಟೂ ಅದನ್ನು ಕೊಲ್ಲಲು ಬೇಕಾದ ಪ್ರಮಾಣ ನೂರಾರು, ಸಾವಿರಾರು ಪಟ್ಟು ಏರುತ್ತದೆ. ಬೆರಳುದ್ದದ ಹುಳು ಕಂಡ ಮೇಲೆ ಬಾಟಲಿ ಹುಡುಕುವುದು ವ್ಯರ್ಥ. ಮತ್ತು ಈ ಔಷಧಿ ಹೊಡೆದ ಮರುದಿನ ಸತ್ತ ಹುಳು ಎಣಿಸಲು ಹೋಗುವವರಿಗೆ ನಿರಾಶೆ ಖಂಡಿತ.

ಬೇರೆ ದೇಶದ ಅನುಭವ

ಕೆನಡಾದ ಸ್ಪ್ರೂಸ್ ಕಾಡುಗಳಲ್ಲಿ 1930ರ ದಶಕದಲ್ಲಿ ಯುರೋಪಿನಿಂದ ಬಂದ ಗರಗಸನೊಣದ ಮರಿಗಳು ಮರಗಳನ್ನು ಬೋಳು ಮಾಡುತ್ತಿದ್ದವು. ಅವುಗಳ ಮೇಲೆ ಬಿಡಲು ಯುರೋಪಿನಿಂದ ಪರಾವಲಂಬಿ ಕೀಟಗಳನ್ನು ತರಿಸಿದರು. ಯಾರಿಗೂ ತಿಳಿಯದಂತೆ ಅವುಗಳ ಜೊತೆಗೇ ವೈರಸ್ ಬಂದಿತ್ತೆಂದು ನಂಬಲಾಗಿದೆ. 1940ರ ದಶಕದ ಮಧ್ಯಭಾಗಕ್ಕೆ ಆ ಪಿಡುಗು ಅಡಗಿಹೋಯಿತು. ಅದು ಅದೃಷ್ಟದ ಮಾತು.

ನಮಗೆ ಹೆಚ್ಚು ಪಾಠ ಕಲಿಸುವುದು ಬ್ರೆಜಿಲ್ ದೇಶ. ಅಲ್ಲಿನ ದಕ್ಷಿಣದ ರಾಜ್ಯಗಳಲ್ಲಿ ಸೋಯಾ ಅವರೆಯ ಎಲೆ ತಿನ್ನುವ ಹಸುರು ಹುಳುವೊಂದಿದೆ. ಎಂಬ್ರಾಪಾ ಎಂಬ ಸರ್ಕಾರಿ ಕೃಷಿ ಸಂಶೋಧನಾ ಸಂಸ್ಥೆಯ ಲೊಂಡ್ರಿನಾ ಕೇಂದ್ರದಲ್ಲಿ ಫ್ಲಾವಿಯೋ ಮೊಸ್ಕಾರ್ಡಿ ಎಂಬ ವಿಜ್ಞಾನಿ ಮತ್ತು ಅವರ ಜೊತೆಗಾರರು ಅದರ ಎನ್.ಪಿ.ವಿ.ಯನ್ನು 1980ರ ದಶಕದ ಆರಂಭದಲ್ಲಿ ರೈತರ ಹೊಲಕ್ಕೆ ಇಳಿಸಿದರು. ಹೊಲ ಹೊಲವೇ ಅವರ ಕಾರ್ಖಾನೆಯಾಗಿತ್ತು. ರೋಗದಿಂದ ಸತ್ತ ಹುಳುಗಳನ್ನು ಹೆಪ್ಪುಗಟ್ಟಿಸಿ ವಿಸ್ತರಣಾಧಿಕಾರಿಗಳ ಮತ್ತು ಸಹಕಾರ ಸಂಘಗಳ ಮೂಲಕ ಹಂಚಿದರು. ರೈತ ಅವನ್ನು ಅರೆದು, ಬಟ್ಟೆಯಲ್ಲಿ ಸೋಸಿ ಸಿಂಪಡಿಸಿದ. ವಾರದ ನಂತರ ಅದೇ ಹೊಲದಲ್ಲಿ ಸತ್ತ ಹುಳುಗಳನ್ನು ಆರಿಸಿ ಮುಂದಿನ ವರ್ಷಕ್ಕೆ ಶೀತಪೆಟ್ಟಿಗೆಯಲ್ಲಿಟ್ಟ. ಒಂದು ಹೆಕ್ಟೇರಿಗೆ ಬೇಕಾದದ್ದು ಬಲಿತ 50 ಸತ್ತ ಹುಳುಗಳು ಮಾತ್ರ. ಆ ವೈರಸ್ಸಿನ ಒಂದು ಅನುಕೂಲವೆಂದರೆ ಸತ್ತ ಹುಳು ಬೇಗ ಒಡೆದು ನೀರಾಗುವುದಿಲ್ಲ, ಹಾಗಾಗಿ ಆರಿಸುವುದು ಸುಲಭ. ಮುಂದೆ ಪುಡಿಯ ರೂಪದ ತಯಾರಿಕೆಯೂ ಬಂತು. 2000ದ ದಶಕದ ಆರಂಭದಲ್ಲಿ ವರ್ಷಕ್ಕೆ ಸುಮಾರು 20 ಲಕ್ಷ ಹೆಕ್ಟೇರಿನಲ್ಲಿ ಈ ವೈರಸ್ ಬಳಕೆಯಾಯಿತು. ಜಗತ್ತಿನಲ್ಲಿ ಬೇರೆ ಯಾವ ಕೀಟವೈರಸ್ಸೂ ಒಂದೇ ಬೆಳೆಯಲ್ಲಿ ಅಷ್ಟು ವಿಸ್ತಾರಕ್ಕೆ ಹರಡಿಲ್ಲ.

ಆಮೇಲೆ ಅದು ಇಳಿಯಿತು. ಕಳೆನಾಶಕದ ಜೊತೆಗೇ ಕೀಟನಾಶಕವನ್ನೂ ಬೆರೆಸಿ ಬೆಳೆಯ ಆರಂಭದಲ್ಲಿಯೇ ಹೊಡೆಯುವ ರೂಢಿ ಬೆಳೆಯಿತು. ಹುಳು ಇದೆಯೋ ಇಲ್ಲವೋ ನೋಡುವವರು ಕಡಿಮೆಯಾದರು. ಹುಳು ತಿನ್ನುವ ಕೀಟಗಳು ಸತ್ತವು, ಈ ವೈರಸ್ಸಿಗೆ ಬಗ್ಗದ ಇನ್ನೊಂದು ಜಾತಿಯ ಹುಳು ತಲೆಯೆತ್ತಿತು. ವೈರಸ್ ಸೋತದ್ದಲ್ಲ, ಗದ್ದೆಗೆ ಹೋಗಿ ಹುಳು ಎಣಿಸುವ ಅಭ್ಯಾಸ ಸೋತದ್ದು ಎಂಬುದು ನಮ್ಮ ಅಭಿಪ್ರಾಯ.

ಸೇಬಿನ ಹುಳುವಿನದು ಮತ್ತೊಂದು ಬಗೆಯ ಕಥೆ. ಯುರೋಪಿನ ಸೇಬಿನ ತೋಟಗಳಲ್ಲಿ ಕಾಯಿ ಕೊರೆಯುವ ಹುಳುವಿಗೆ ಅದೇ ಗುಂಪಿನ ಇನ್ನೊಂದು ವೈರಸ್ಸನ್ನು ವರ್ಷಗಟ್ಟಲೆ ಬಳಸುತ್ತಿದ್ದರು. ಆ ತಯಾರಿಕೆಗಳೆಲ್ಲವೂ ಮೆಕ್ಸಿಕೋದಲ್ಲಿ 1963ರಲ್ಲಿ ಸಿಕ್ಕಿದ ಒಂದೇ ತಳಿಯಿಂದ ಆದವು. 2005ರಲ್ಲಿ ಜರ್ಮನಿಯ ಕೆಲವು ತೋಟಗಳಲ್ಲಿ ಹುಳುಗಳು ಅದಕ್ಕೆ ಬಗ್ಗುತ್ತಿಲ್ಲವೆಂದು ವರದಿಯಾಯಿತು. ಹೊಸ ತಳಿಗಳನ್ನು ಹುಡುಕಿ ಬಳಸಬೇಕಾಯಿತು. ಜೈವಿಕವೆಂದ ಮಾತ್ರಕ್ಕೆ ಹುಳು ಅದಕ್ಕೆ ಒಗ್ಗಿಕೊಳ್ಳುವುದಿಲ್ಲವೆಂದು ಯಾರಾದರೂ ಹೇಳಿದರೆ ನಂಬಬೇಡಿ.

ಲೆಕ್ಕ ಮತ್ತು ಬಳಕೆ

ನಮ್ಮ ರಾಜ್ಯದಲ್ಲಿ ಎನ್.ಪಿ.ವಿ.ಯ ಹೆಸರು ಹೆಚ್ಚು ಕೇಳುವುದು ಕಲಬುರಗಿ ಸೀಮೆಯ ತೊಗರಿ ಹೊಲಗಳಲ್ಲಿ. ಅಲ್ಲಿ ಗಿಡದ ಬುಡದಲ್ಲಿ ಸೀರೆ ಹಾಸಿ, ಗಿಡ ಅಲುಗಿಸಿ, ಉದುರಿದ ಹುಳುಗಳನ್ನು ಆರಿಸುವುದು ರೈತರಿಗೆ ಚೆನ್ನಾಗಿ ಗೊತ್ತು. ಆರಿಸಿದ ಹುಳುಗಳಿಂದಲೇ ವೈರಸ್ ತಯಾರಿಸಲು ಸಾಧ್ಯ. ಈ ಹುಳುಗಳು ಒಂದನ್ನೊಂದು ತಿನ್ನುತ್ತವಾದ್ದರಿಂದ ಪ್ರತಿಯೊಂದನ್ನೂ ಬೇರೆ ಬೇರೆ ಚಿಕ್ಕ ಡಬ್ಬಿಯಲ್ಲಿಟ್ಟು, ವೈರಸ್ ನೀರಿನಲ್ಲಿ ಅದ್ದಿದ ನೆನೆಗಡಲೆಯನ್ನು ತಿನ್ನಲು ಕೊಡುತ್ತಾರೆ. ಐದರಿಂದ ಏಳು ದಿನಗಳಲ್ಲಿ ಸತ್ತವುಗಳನ್ನು ನೀರಿನಲ್ಲಿ ಕಲಸಿ, ಅರೆದು, ತೆಳ್ಳನೆಯ ಬಟ್ಟೆಯಲ್ಲಿ ಎರಡು ಸಲ ಸೋಸುತ್ತಾರೆ. ಇದರ ವಾಸನೆಯನ್ನು ವರ್ಣಿಸುವ ಗೋಜಿಗೆ ನಾವು ಹೋಗುವುದಿಲ್ಲ.

ಪ್ರಮಾಣವನ್ನು ಎಲ್.ಇ. ಎಂಬ ಅಳತೆಯಲ್ಲಿ ಹೇಳುತ್ತಾರೆ. ಒಂದು ಎಲ್.ಇ. ಎಂದರೆ ಬಲಿತು ಸತ್ತ ಒಂದು ಹುಳುವಿನಷ್ಟು ವೈರಸ್, ಅಂದರೆ 600 ಕೋಟಿ ಹರಳು. ತೊಗರಿ, ಕಡಲೆಗೆ ಶಿಫಾರಸು ಹೆಕ್ಟೇರಿಗೆ 250 ಎಲ್.ಇ., ಎಕರೆಗೆ 100 ಎಲ್.ಇ. ಬಾಟಲಿಯ ಮೇಲೆ ಒಂದು ಮಿಲಿಲೀಟರಿನಲ್ಲಿ 100 ಕೋಟಿ ಹರಳು ಎಂದು ಇದ್ದರೆ ಒಂದು ಎಲ್.ಇ.ಗೆ 6 ಮಿಲಿಲೀಟರ್ ಬೇಕು, ಎಕರೆಗೆ 600 ಮಿಲಿಲೀಟರ್. 200 ಕೋಟಿ ಎಂದಿದ್ದರೆ 300 ಮಿಲಿಲೀಟರ್ ಸಾಕು. ಹರಳಿನ ಲೆಕ್ಕವನ್ನೇ ಹಾಕದೆ 'ಎಕರೆಗೆ 100 ಮಿಲಿ' ಎಂದಷ್ಟೇ ಬರೆದ ಬಾಟಲಿಯನ್ನು ಹಿಂದಕ್ಕೆ ಕೊಡಿ. ನಮ್ಮ ಸದಸ್ಯರೊಬ್ಬರು ತಂದು ತೋರಿಸಿದ ಬಾಟಲಿಯ ಮೇಲೆ ಹರಳಿನ ಸಂಖ್ಯೆಯೂ ಇರಲಿಲ್ಲ, 1968ರ ಕೀಟನಾಶಕ ಕಾಯಿದೆಯ ನೋಂದಣಿ ಸಂಖ್ಯೆಯೂ ಇರಲಿಲ್ಲ, ತಯಾರಿಸಿದ ದಿನಾಂಕದ ಮೇಲೆ ಬೆಲೆಯ ಚೀಟಿ ಅಂಟಿಸಿತ್ತು.

ವೈರಸ್ಸಿಗೆ ದೊಡ್ಡ ವೈರಿ ಬಿಸಿಲು. ಬಿಸಿಲಿನ ನೇರಳಾತೀತ ಕಿರಣಗಳಿಂದ ಎಲೆಯ ಮೇಲಿನ ವೈರಸ್ ಕೆಲವೇ ದಿನಗಳಲ್ಲಿ ಸತ್ತ್ವ ಕಳೆದುಕೊಳ್ಳುತ್ತದೆ. ಆದ್ದರಿಂದ ಸಂಜೆ ನಾಲ್ಕೂವರೆಯ ಮೇಲೆಯೇ ಸಿಂಪಡಿಸಬೇಕು. ಹುಳುಗಳು ರಾತ್ರಿಯಿಡೀ ತಿನ್ನಲಿ. ನೂರು ಲೀಟರ್ ನೀರಿಗೆ ಅರ್ಧ ಕಿಲೋ ಬೆಲ್ಲ ಮತ್ತು ಬಟ್ಟೆ ಬೆಳ್ಳಗಾಗಿಸಲು ಹಾಕುವ ಟಿನೋಪಾಲ್ ಅಥವಾ ರಾಣಿಪಾಲ್ ಪುಡಿಯನ್ನು 100 ಗ್ರಾಂ ಸೇರಿಸುವುದು ಪದ್ಧತಿ. ಬೆಲ್ಲದ ರುಚಿಗೆ ಹುಳು ಹೆಚ್ಚು ತಿನ್ನುತ್ತದೆ. ಪುಡಿ ಬಿಸಿಲಿನ ಕಿರಣವನ್ನು ತಡೆಯುತ್ತದೆ. ಎಲೆಯ ಅಡಿಭಾಗಕ್ಕೂ ತಾಗುವಂತೆ ಹೊಡೆಯಬೇಕು. ಹುಳು ಒಂದು ಸೆಂಟಿಮೀಟರಿಗಿಂತ ಚಿಕ್ಕದಿರುವಾಗಲೇ ಈ ಕೆಲಸವಾಗಬೇಕು. ಮೋಹಕ ಬಲೆ ಕಟ್ಟಿದವರಿಗೆ ಪತಂಗ ಬೀಳತೊಡಗಿದ ದಿನವೇ ಮುನ್ಸೂಚನೆ. ಮೊಟ್ಟೆ ಒಡೆಯುವ ಹೊತ್ತಿಗೆ ಸಿದ್ಧರಿರಬಹುದು. ವಾರ, ಹತ್ತು ದಿನ ಬಿಟ್ಟು ಮತ್ತೊಮ್ಮೆ ಹೊಡೆಯಬೇಕಾದೀತು.

ಮಲೆನಾಡಿನವರಾದ ನಮಗೆ ಮಾತ್ರ ಅನ್ವಯಿಸುವ ಒಂದು ಎಚ್ಚರಿಕೆ ಇದೆ. ನಮ್ಮ ಪಂಪು, ಬ್ಯಾರೆಲ್, ಕೊಳವೆ ಎಲ್ಲವೂ ಬೋರ್ಡೋ ದ್ರಾವಣದಲ್ಲಿ ಮಿಂದವು. ಹರಳು ಕರಗುವುದು ಕ್ಷಾರದಲ್ಲಿ ಎಂದು ಮೇಲೆ ಹೇಳಿದೆವಷ್ಟೆ. ಸುಣ್ಣ ಉಳಿದ ಬ್ಯಾರೆಲಿನಲ್ಲಿ ವೈರಸ್ ಬೆರೆಸಿದರೆ ಹುಳುವಿನ ಹೊಟ್ಟೆಯಲ್ಲಿ ಕರಗಬೇಕಾದದ್ದು ಬ್ಯಾರೆಲಿನಲ್ಲಿಯೇ ಕರಗಿ ಹೋದೀತು. ಬೇರೆ ಕೊಡಪಾನ, ಬೇರೆ ಕೈಪಂಪು ಇಟ್ಟುಕೊಳ್ಳಿ. ಸುಣ್ಣದ ಜೊತೆ, ತುತ್ತದ ಜೊತೆ ಬೆರೆಸಲೇಬೇಡಿ. ಬಾಟಲಿಯನ್ನು ತಂಪಾದ ಕತ್ತಲೆಯ ಜಾಗದಲ್ಲಿಡಿ. ಜೀಪಿನ ಮುಂಭಾಗದ ಗಾಜಿನಡಿ ಎರಡು ದಿನ ಇಟ್ಟ ಬಾಟಲಿಯನ್ನು ಮರೆಯುವುದೇ ಒಳ್ಳೆಯದು.

ನಮ್ಮ ತೋಟದ ಮಾತು

ಈಗ ಮುಖ್ಯ ಪ್ರಶ್ನೆಗೆ ಬರೋಣ. ಕಾಫಿಯ ಬಿಳಿ ಕಾಂಡಕೊರಕ ದುಂಬಿಯ ಜಾತಿ. ಈ ವೈರಸ್ ಅದಕ್ಕಲ್ಲ. ಕಾಯಿಕೊರಕದ ಮಾತು ಆಯಿತು. ಅದಕ್ಕೆ ಕೊಯ್ಲಿನ ನಂತರ ಗಿಡದ ಮೇಲೆ ಮತ್ತು ನೆಲದ ಮೇಲೆ ಹಣ್ಣು ಉಳಿಯದಂತೆ ಆರಿಸುವುದೇ ಇಂದಿಗೂ ಮೊದಲ ಮದ್ದು, ಜೊತೆಗೆ ಬ್ಯುವೇರಿಯಾ ಎಂಬ ಶಿಲೀಂಧ್ರವಿದೆ. ರೊಬಸ್ಟಾದ ರೆಂಬೆಕೊರಕವೂ ದುಂಬಿಯೇ. ಕೆಂಪು ಕಾಂಡಕೊರಕ ಪತಂಗದ ಮರಿಹುಳು ಹೌದು, ಆದರೆ ಕಾಂಡದೊಳಗಿರುತ್ತದೆ. ಅಡಿಕೆಯ ಬೇರುಹುಳು ದುಂಬಿಯ ಮರಿ. ಹಿಂಗಾರ ತಿನ್ನುವ ಹುಳು ಮರಿಹುಳುವೇ ಆದರೂ ಹೊಂಬಾಳೆಯೊಳಗೆ ಅಡಗಿರುತ್ತದೆ. ತೆಂಗಿನ ಕಪ್ಪುತಲೆ ಹುಳುವಿಗೆ ವೈರಸ್ಸಿಗಿಂತ ಗೋನಿಯೋಜಸ್ ಎಂಬ ಪರಾವಲಂಬಿ ಕಣಜವನ್ನು ಬಿಡುವುದೇ ಚೆನ್ನಾಗಿ ಪರೀಕ್ಷೆಯಾದ ದಾರಿ. ಏಲಕ್ಕಿಯಲ್ಲಿ ಮತ್ತು ನೆರಳು ಮರಗಳಲ್ಲಿ ಬರುವ ಕಂಬಳಿಹುಳುಗಳು ಹಗಲು ಹೊತ್ತು ಮರದ ಕಾಂಡದ ಮೇಲೆ ಗುಂಪಾಗಿ ಮಲಗುತ್ತವೆ. ಅವನ್ನು ಅಲ್ಲಿಯೇ ಕೆರೆದು ತೆಗೆಯುವುದಕ್ಕಿಂತ ಅಗ್ಗದ ಉಪಾಯವಿಲ್ಲ, ಮೈ ತುರಿಕೆಯ ಬಗ್ಗೆ ಎಚ್ಚರವಿರಲಿ.

ಅಂದರೆ ಕಾಫಿ, ಅಡಿಕೆಗೆಂದು ಎನ್.ಪಿ.ವಿ. ಬಾಟಲಿ ಕೊಳ್ಳಲು ಕಾರಣವಿಲ್ಲ. ಇದನ್ನು ಬಿಚ್ಚಿ ಹೇಳುವುದು ಕಾರ್ಯದರ್ಶಿಯಾಗಿ ನಮ್ಮ ಕರ್ತವ್ಯ, ಮಳಿಗೆಗೆ ವ್ಯಾಪಾರ ತಪ್ಪಿದರೂ ಸರಿಯೆ.

ಆದರೆ ನಮ್ಮಲ್ಲಿ ಬಹಳ ಮಂದಿಗೆ ತೋಟದ ಜೊತೆಗೆ ಗದ್ದೆ, ಹಿತ್ತಲು, ಅಂತರ ಬೆಳೆ ಇದೆ. ಟೊಮೆಟೊದ ಕಾಯಿ ಕೊರೆಯುವ ಹುಳು ತೊಗರಿಯ ಹುಳುವೇ. ಅದಕ್ಕೆ ಅದರ ಎನ್.ಪಿ.ವಿ. ಸಲ್ಲುತ್ತದೆ. ಬಾಳೆಯ ಎಳೆಗಂದು, ಕೆಸು, ಗೆಣಸಿನ ಎಲೆಗಳನ್ನು ಜಾಲರಿ ಮಾಡುವ ತಂಬಾಕಿನ ಹುಳುವಿಗೆ ಇನ್ನೊಂದು ಎನ್.ಪಿ.ವಿ. ಇದೆ. ಮಾರುಕಟ್ಟೆಯಲ್ಲಿ ಹೆಚ್ಚಾಗಿ ಸಿಗುವವು ಈ ಎರಡೇ. ಒಂದರ ಬಾಟಲಿ ಇನ್ನೊಂದಕ್ಕೆ ಉಪಯೋಗವಿಲ್ಲ.

ಮೆಕ್ಕೆಜೋಳದವರಿಗೂ ಒಂದು ಮಾತು. 2018ರಲ್ಲಿ ಭಾರತದಲ್ಲಿ ಮೊದಲ ಬಾರಿಗೆ ಶಿವಮೊಗ್ಗದ ಸುತ್ತಿನ ಹೊಲಗಳಲ್ಲಿ ಕಾಣಿಸಿಕೊಂಡ ಫಾಲ್ ಸೈನಿಕ ಹುಳು ಈಗ ನಮ್ಮ ಗದ್ದೆಗಳಿಗೂ ಹಳೆಯ ಗಿರಾಕಿ. ಅದಕ್ಕೆ ಮೇಲಿನ ಎರಡು ಬಾಟಲಿಗಳನ್ನು ನಂಬಿ ಕೂರುವಂತಿಲ್ಲ. ಬೆಂಗಳೂರಿನ ಎನ್.ಬಿ.ಎ.ಐ.ಆರ್. ಸಂಸ್ಥೆಯ ವಿಜ್ಞಾನಿಗಳು ಆ ಹುಳುವಿನದೇ ಎನ್.ಪಿ.ವಿ.ಯನ್ನು ಬೇರ್ಪಡಿಸಿ ಹೊಲಗಳಲ್ಲಿ ಪರೀಕ್ಷಿಸಿದ್ದಾರೆ. ಬಳಸುವಾಗ ದ್ರಾವಣ ಸುಳಿಯೊಳಗೆ ಇಳಿಯಬೇಕು, ಹುಳು ಇರುವುದು ಅಲ್ಲಿ.

ಗಡಿಯಲ್ಲಿ ತೇಗ ಬೆಳೆಸಿದವರು ಮುಂಗಾರು ಹಿಡಿಯುವ ಮುನ್ನ ಹೊಸ ಚಿಗುರೆಲ್ಲ ಒಂದೇ ವಾರದಲ್ಲಿ ಮಾಯವಾಗುವುದನ್ನು ನೋಡಿರುತ್ತಾರೆ. ಕೇರಳದ ಅರಣ್ಯ ಸಂಶೋಧನಾ ಸಂಸ್ಥೆಯವರು ನಿಲಂಬೂರಿನ ತೇಗದ ತೋಪಿನಲ್ಲಿ ನಡೆಸಿದ ಅಧ್ಯಯನದಲ್ಲಿ ಈ ಹುಳುವಿನಿಂದ ಎಳೆಯ ತೇಗದ ಬೆಳವಣಿಗೆಯಲ್ಲಿ ನೂರಕ್ಕೆ 44ರಷ್ಟು ನಷ್ಟವೆಂದು ಕಂಡುಬಂತು. ಆ ಹುಳುವಿನ ಎನ್.ಪಿ.ವಿ.ಯನ್ನು ಅದೇ ಸಂಸ್ಥೆಯವರು 1988ರಲ್ಲಿ ವರದಿ ಮಾಡಿದರು, ಮುಂದೆ ತೋಪುಗಳಲ್ಲಿ ಸಿಂಪಡಿಸಿಯೂ ನೋಡಿದರು. ತೇಗದ ಎಲೆಗಳಿಂದ ಹುಳುಗಳು ಕಪ್ಪಾಗಿ ಜೋತುಬಿದ್ದಿರುವುದನ್ನು ಕಂಡರೆ ಅದು ಈ ರೋಗವಿರಬಹುದೆಂದು ತಿಳಿಯಿರಿ, ಆ ಮರಕ್ಕೆ ವಿಷ ಹೊಡೆಸಬೇಡಿ.

ಕುರುವಾಯಿ ದುಂಬಿಯ ವೈರಸ್

ದುಂಬಿಗಳಿಗೆ ಈ ವೈರಸ್ ತಗಲುವುದಿಲ್ಲ ಎಂದು ಹೇಳುತ್ತಾ ಬಂದೆವು. ಆದರೆ ದುಂಬಿಯೊಂದಕ್ಕೆ ತನ್ನದೇ ಆದ ಬೇರೆ ವೈರಸ್ ಇದೆ, ಮತ್ತು ಆ ದುಂಬಿ ನಮ್ಮ ತೆಂಗಿನ ಸುಳಿಯನ್ನು, ಒಮ್ಮೊಮ್ಮೆ ಅಡಿಕೆಯ ಸುಳಿಯನ್ನೂ ಕೊರೆಯುವ ಕುರುವಾಯಿ. ಗರಿ ಬಿಚ್ಚಿದಾಗ ಕತ್ತರಿಯಲ್ಲಿ ಕತ್ತರಿಸಿದಂತೆ ಕಾಣುವುದು ಇದರ ಗುರುತು. ಸಂಘದ ಮಟ್ಟದಲ್ಲಿ ಏನಾದರೂ ಮಾಡುವುದಿದ್ದರೆ ಅದು ಇಲ್ಲಿ ಎಂದು ನಮಗೆ ತೋರುತ್ತದೆ.

ಜರ್ಮನಿಯ ಅಲೋಯಿಸ್ ಹ್ಯೂಗರ್ ಎಂಬ ವಿಜ್ಞಾನಿ 1963ರಲ್ಲಿ ಮಲೇಶಿಯಾದಲ್ಲಿ ಕುರುವಾಯಿಯ ಮರಿಗಳಲ್ಲಿ ಇದನ್ನು ಕಂಡುಹಿಡಿದರು. 1967ರಲ್ಲಿ ಪಶ್ಚಿಮ ಸಮೋವಾ ದ್ವೀಪದಲ್ಲಿ ಬಿಡಲಾಯಿತು; ತೆಂಗಿನ ಹಾನಿ ಗಣನೀಯವಾಗಿ ಇಳಿಯಿತು. ನಮ್ಮ ದೇಶದಲ್ಲಿ ಕೇಂದ್ರ ತೋಟಪಟ್ಟಿ ಬೆಳೆಗಳ ಸಂಶೋಧನಾ ಸಂಸ್ಥೆಯವರು 1983ರಲ್ಲಿ ಲಕ್ಷದ್ವೀಪದ ಮಿನಿಕಾಯ್‌ನಲ್ಲಿ ಬಿಟ್ಟರು; ಅಲ್ಲಿಯೂ ಹಾನಿ ಇಳಿಯಿತು.

ಈ ವೈರಸ್ಸಿಗೆ ಹರಳಿನ ಪೆಟ್ಟಿಗೆಯಿಲ್ಲ. ಆದ್ದರಿಂದ ಹೊರಗೆ ಬಹಳ ದಿನ ಬದುಕುವುದಿಲ್ಲ; ಬಾಟಲಿಯಲ್ಲಿ ತುಂಬಿ ಮಾರಲು, ಪಂಪಿನಲ್ಲಿ ಹೊಡೆಯಲು ಬರುವುದಿಲ್ಲ. ದುಂಬಿಗಳಿಗೇ ರೋಗ ಹಚ್ಚಿ, ಸಂಜೆಯ ಹೊತ್ತು ಹೆಕ್ಟೇರಿಗೆ 10ರಿಂದ 15ರಂತೆ ಹಾರಲು ಬಿಡಬೇಕು. ರೋಗ ತಗಲಿದ ದುಂಬಿ ತಕ್ಷಣ ಸಾಯುವುದಿಲ್ಲ. ಕೆಲವು ವಾರ ಹಾರಾಡುತ್ತದೆ, ಮೊಟ್ಟೆ ಕಡಿಮೆ ಇಡುತ್ತದೆ, ಹೋದ ಹೋದ ಸುಳಿಯಲ್ಲಿ, ಗೊಬ್ಬರ ಗುಂಡಿಯಲ್ಲಿ ಹಿಕ್ಕೆಯೊಂದಿಗೆ ವೈರಸ್ ಉದುರಿಸುತ್ತದೆ. ಅಂಚೆಯವನಂತೆ ಮನೆ ಮನೆಗೆ ತಲುಪಿಸುತ್ತದೆ.

ಇಲ್ಲಿಯೇ ಸಣ್ಣ ಹಿಡುವಳಿದಾರನ ತೊಡಕು. ಎರಡು ಎಕರೆಯವನು ಹತ್ತು ದುಂಬಿ ಬಿಟ್ಟರೆ ಅವು ಅವನ ಬೇಲಿಯೊಳಗೆ ಉಳಿಯುವುದಿಲ್ಲ. ಪಕ್ಕದವನು ಗೊಬ್ಬರ ಗುಂಡಿಯಲ್ಲಿ ಮರಿ ಬೆಳೆಸುತ್ತಲೇ ಇದ್ದರೆ ಇವನ ಶ್ರಮ ಕರಗಿಹೋಗುತ್ತದೆ. ಊರಿಗೆ ಊರೇ ಸೇರಬೇಕು. ಮತ್ತು ವೈರಸ್ ಬಿಟ್ಟೆವೆಂದು ಸುಮ್ಮನಿರುವಂತಿಲ್ಲ: ಗುಂಡಿಯ ಗೊಬ್ಬರ ತಿರುವಿ ಮರಿ ಆರಿಸುವುದು, ಕೊಳೆತ ತೆಂಗಿನ ಬೊಡ್ಡೆ ತೆಗೆಯುವುದು, ಕೊಕ್ಕೆ ಹಾಕಿ ಸುಳಿಯ ದುಂಬಿ ಎಳೆಯುವುದು, ಗುಂಡಿಗೆ ಮೆಟಾರೈಝಿಯಂ ಶಿಲೀಂಧ್ರ ಹಾಕುವುದು, ಇವೆಲ್ಲ ಜೊತೆಗೇ ನಡೆಯಬೇಕು. ಪೆಸಿಫಿಕ್ ಸಾಗರದ ಗುವಾಮ್ ದ್ವೀಪಕ್ಕೆ 2007ರಲ್ಲಿ ಬಂದು ಸೇರಿದ ಕುರುವಾಯಿಯ ತಳಿ ಹಳೆಯ ವೈರಸ್ಸಿಗೆ ಬಗ್ಗಲಿಲ್ಲ. ಅಲ್ಲಿ ತೆಂಗು ಬಹಳ ನಾಶವಾಯಿತು.

ಜನರಿಗೆ, ಜೇನಿಗೆ ಅಪಾಯವುಂಟೆ?

ಹೊಟ್ಟೆಗೆ ಹೋದರೆ ಏನಾದೀತೆಂದು ಹಲವರು ಕೇಳಿದ್ದಾರೆ. ಮನುಷ್ಯ, ದನ, ಮೀನು, ಜೇನುಹುಳು ಇವುಗಳಿಗೆ ಎನ್.ಪಿ.ವಿ. ರೋಗ ತರುವುದಿಲ್ಲ. 1973ರಲ್ಲಿ ಅಮೆರಿಕದ ಸಂಶೋಧಕರು ಮಾರುಕಟ್ಟೆಯಲ್ಲಿ ಮಾರುತ್ತಿದ್ದ ಎಲೆಕೋಸನ್ನು ಪರೀಕ್ಷಿಸಿದಾಗ ಅದರ ಮೇಲೆ ಹುಳುಗಳಿಂದ ಬಂದ ಇಂಥ ಹರಳುಗಳೇ ಸಿಕ್ಕಿದವು. ಜನ ಅವನ್ನು ಮೊದಲಿನಿಂದಲೂ ತಿನ್ನುತ್ತಿದ್ದರು. ಕಾಫಿ ಹೂ ಬಿಡುವ ಕಾಲದಲ್ಲಿ ಜೇನನ್ನು ಉಳಿಸಿಕೊಳ್ಳಬೇಕಾದ ನಮಗೆ ಇದು ಸಣ್ಣ ವಿಷಯವಲ್ಲ. ಆದರೆ ಮನೆಯಲ್ಲಿ ಅರೆದು ಮಾಡಿದ ರಸದಲ್ಲಿ ಕೊಳೆತ ಹುಳುವಿನ ಬೇರೆ ಬ್ಯಾಕ್ಟೀರಿಯಗಳೂ ಇರುತ್ತವೆ. ಕೈಚೀಲ ಹಾಕಿಕೊಳ್ಳಿ, ಅಡುಗೆಯ ಪಾತ್ರೆ ಬಳಸಬೇಡಿ, ಹಸಿಯಾಗಿ ತಿನ್ನುವ ತರಕಾರಿಗೆ ಅದನ್ನು ಹೊಡೆಯಬೇಡಿ. ತೊಗರಿ ಹುಳುವಿನ ವೈರಸ್ ರೇಷ್ಮೆಹುಳುವಿಗೆ ತಗಲುವುದಿಲ್ಲವಾದರೂ ರೇಷ್ಮೆ ಮನೆಯಲ್ಲಿ ಕೆಲಸ ಮಾಡುವವರು ಸತ್ತ ಹುಳುಗಳ ಕೆಲಸಕ್ಕೆ ಕೈ ಹಾಕದಿರುವುದು ಕ್ಷೇಮ.

ಆಡಳಿತ ಮಂಡಳಿಯ ಮುಂದೆ ಎರಡು ವಿಷಯಗಳನ್ನು ಇಟ್ಟಿದ್ದೇವೆ. ತರಕಾರಿ ಬೆಳೆಯುವ ಸದಸ್ಯರು ಹೆಸರು ಕೊಟ್ಟರೆ, ನೋಂದಣಿ ಸಂಖ್ಯೆ ಮತ್ತು ಹರಳಿನ ಲೆಕ್ಕವಿರುವ ಎನ್.ಪಿ.ವಿ.ಯನ್ನು ಬೇಕಾದಷ್ಟೇ ತರಿಸುವುದು. ಮಳಿಗೆಯ ಕಪಾಟಿನಲ್ಲಿ ವರ್ಷಗಟ್ಟಲೆ ಕೂಡಿಡುವುದಿಲ್ಲ. ಎರಡನೆಯದು, ಒಂದೇ ಬಯಲಿಗೆ ಸೇರಿದ ಕನಿಷ್ಠ ಇಪ್ಪತ್ತು ತೋಟದವರು ಒಟ್ಟಿಗೆ ಒಪ್ಪಿದರೆ ಕುರುವಾಯಿಯ ವಿಷಯದಲ್ಲಿ ಸಂಶೋಧನಾ ಸಂಸ್ಥೆಯವರಿಗೆ ಪತ್ರ ಬರೆಯುವುದು. ಗೊಬ್ಬರ ಗುಂಡಿ ಶುದ್ಧಿ ಮಾಡುವ ಒಪ್ಪಿಗೆಯನ್ನೂ ಆ ಪತ್ರದ ಜೊತೆಗೇ ಬರೆದು ಕೊಡಬೇಕಾಗುತ್ತದೆ.

ಸತ್ತು ಜೋತುಬಿದ್ದ ಹುಳು ಕಂಡವರು ಅದನ್ನು ಚಿಕ್ಕ ಗಾಜಿನ ಶೀಶೆಯಲ್ಲಿ, ಶೀಶೆಗೊಂದೇ ಹುಳುವಿನಂತೆ ಹಾಕಿ, ಯಾವ ಗಿಡ, ಯಾವ ದಿನ, ಹಿಂದಿನ ಹದಿನೈದು ದಿನಗಳಲ್ಲಿ ಯಾವ ಔಷಧಿ ಹೊಡೆದಿತ್ತು ಎಂಬುದನ್ನು ಚೀಟಿಯಲ್ಲಿ ಬರೆದು ಕಚೇರಿಗೆ ತಲುಪಿಸಿ. ಪ್ಲಾಸ್ಟಿಕ್ ಚೀಲದಲ್ಲಿ ಕಟ್ಟಿ ತಂದರೆ ದಾರಿಯಲ್ಲಿಯೇ ನೀರಾಗುತ್ತದೆ. ಸಂತೆಯ ದಿನ ಬೆಳಿಗ್ಗೆ ಹತ್ತರಿಂದ ಒಂದರವರೆಗೆ ನಾವು ಕಚೇರಿಯಲ್ಲಿರುತ್ತೇವೆ.